ಅಣ್ಣನ ಕಿವಿ, ನನ್ನ ಕಡಗೋಲು

ಬೇಳೆ, ಸೊಪ್ಪು, ಹುಣಸೆಹುಳಿಯ ವಾಸನೆ ಹೀರಿಕೊಂಡು ಕಪ್ಪಾದ ಕಡಗೋಲೊಂದು ನಮ್ಮ ಅಡುಗೆಮನೆಯ ಮೊಳೆಗೆ ನೇತುಬಿದ್ದಿದೆ. ಮಸ್ಸೊಪ್ಪು ಮಸೆಯಲು ಈಗ ಮಿಕ್ಸಿ ಇದೆ, ಕಡಗೋಲಿನ ಗೊಡವೆ ಯಾರಿಗೂ ಇರಲಿಲ್ಲ. ನಿನ್ನೆ ಸಂಜೆ ಅದನ್ನು ಇಳಿಸಬೇಕಾಯಿತು. ಅಣ್ಣನ ಮಗಳು ಅಮೂಲ್ಯ ಕಾಲೇಜಿನಿಂದ ಬಂದವಳೇ, "ಅತ್ತೆ, ನಾಳೆ ಟೀವಿಯವ್ರು ಬರ್ತಾರಂತೆ. ಕಬಡ್ಡಿ ಗೆದ್ವಲ್ಲ, ಕ್ಯಾಪ್ಟನ್ನೇ ಮಾತಾಡ್ಬೇಕಂತೆ. ಅಪ್ಪಂಗೆ ಮಾಡಿಸ್ತಿದ್ದೆಯಲ್ಲ, ನಂಗೂ ಹಂಗೇ ಪ್ರಾಕ್ಟೀಸ್ ಮಾಡ್ಸು" ಎಂದಳು. ಕಡಗೋಲು ಕೈಗೆ ಬಂತು, ಅದರ ಹಿಂದೆಯೇ ಅಣ್ಣನೂ ನೆನಪಿಗೆ ಬಂದ.

ಅಣ್ಣನಂಥವರನ್ನು ನೀವೂ ಟೀವಿಯಲ್ಲಿ ನೋಡಿರುತ್ತೀರಿ. ಹೆಸರುವಾಸಿಯಾದವರು ಯಾರಾದರೂ ಆಸ್ಪತ್ರೆ ಸೇರಿದರೆ, ಗೇಟಿನ ಮುಂದೆ ಒಂದು ಹೊರೆ ಮೈಕುಗಳ ನಡುವೆ ಒಬ್ಬ ನಿಂತು, "ಗಾಬರಿ ಪಡುವಂಥದ್ದು ಏನೂ ಇಲ್ಲ" ಅನ್ನುತ್ತಾನಲ್ಲ, ನನ್ನಣ್ಣನದು ಆ ಕೆಲಸ. ಬೆಂಗಳೂರಿನ ದಂಡು, ಅಂದರೆ ಕಂಟೋನ್ಮೆಂಟ್ ಕಡೆಯ ಒಂದು ಖಾಸಗಿ ಆಸ್ಪತ್ರೆಯ ವಕ್ತಾರ. ನಮ್ಮಪ್ಪ, ಈ ರಾಮಮೂರ್ತಿ ನಗರ ಇನ್ನೂ ಹೊಲವಾಗಿದ್ದಾಗ ಇಲ್ಲಿ ರಾಗಿ ಬೆಳೆದವರು, ಮನುಷ್ಯರಿಗಿಂತ ಎತ್ತುಗಳ ಜೊತೆ ಹೆಚ್ಚು ಮಾತಾಡಿದವರು. ಮಗ ಬರೀ ಮಾತಾಡಿ ಸಂಬಳ ತರುತ್ತಾನೆಂದರೆ ಅವರು ಕೊನೆಯವರೆಗೂ ನಂಬಲಿಲ್ಲ.

ಅಣ್ಣ ಮೊದಲ ಸಲ ಟೀವಿಯಲ್ಲಿ ಬಂದಾಗ ಮಾತೇನೋ ಚೆನ್ನಾಗಿಯೇ ಇತ್ತು. ಆದರೆ ಬಲಗೈ ಮಾತ್ರ ಉದ್ದಕ್ಕೂ ಕಿವಿಯ ಹಾಲೆ ಎಳೆಯುತ್ತಿತ್ತು. ಮರುದಿನ ನಮ್ಮ ಕೆಳಮನೆಯ ಬಾಡಿಗೆಯವರು, ರಾಯಚೂರು ಕಡೆಯ ಹೆಂಗಸು, ಬಹಳ ಮರುಕದಿಂದ ಕೇಳಿದರು: "ನಿಮ್ಮ ಅಣ್ಣಾರಿಗೆ ಕಿವಿ ಸೋರಾಕತ್ತೈತೇನ್ರೀ?"

ಅದು ಅವನಿಗೆ ಚಿಕ್ಕಂದಿನಿಂದ ಬಂದದ್ದು. ನಿಜ ಮುಚ್ಚಿಡುವಾಗಲೆಲ್ಲ ಕೈ ತಾನಾಗಿ ಕಿವಿಗೆ ಹೋಗುತ್ತಿತ್ತು. ಒಬ್ಬಟ್ಟಿನ ಹೂರಣ ಅರ್ಧ ಮಾಯವಾದ ದಿನ ಅಮ್ಮ ಅವನ ಮುಖವನ್ನೇನೂ ನೋಡುತ್ತಿರಲಿಲ್ಲ. "ಮೊದ್ಲು ಕಿವಿ ಬಿಡು, ಆಮೇಲೆ ಹೇಳು" ಅನ್ನುತ್ತಿದ್ದಳು.

"ಇದನ್ನ ಬಿಡಿಸ್ಬೇಕು ಕಣೆ, ಕ್ಯಾಮೆರಾ ಮೊದ್ಲು ಇದನ್ನೇ ಹಿಡಿಯುತ್ತೆ" ಎಂದು ಅಣ್ಣ ಅಡುಗೆಮನೆಗೆ ಬಂದು ನನ್ನೆದುರು ಕುಳಿತ. ನಾನು ಮಸ್ಸೊಪ್ಪು ಮಸೆಯುತ್ತಿದ್ದೆ, ಕಡಗೋಲನ್ನೇ ಮೈಕಿನಂತೆ ಅವನ ಬಾಯಿಗೆ ಹಿಡಿದೆ. ಅಂದಿನಿಂದ ನಾನು ವರದಿಗಾರ್ತಿ. ನನ್ನ ಧೈರ್ಯ ಎಂಥದ್ದು ಗೊತ್ತೇ? ನಾನು ಪಾಠ ಹೇಳುವ ಶಾಲೆಯ ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆಗೆ ನಿಂತು, ಮುಖ್ಯ ಅತಿಥಿಗಳ ಹೆಸರಿರಲಿ, ನನ್ನ ಹೆಸರನ್ನೇ ಮರೆತವಳು. ಕಡಗೋಲು ಹಿಡಿದರೆ ಮಾತ್ರ ಹುಲಿ.

"ಸಾರ್, ಪೇಷೆಂಟ್ ನಿನ್ನೇನೇ ಹೋಗ್ಬಿಟ್ರಂತೆ, ನೀವು ಮುಚ್ಚಿಟ್ಟಿದ್ದೀರಂತೆ?" ಎಂದು ಗುಡುಗುತ್ತಿದ್ದೆ. ಉತ್ತರಕ್ಕೆ ಮೊದಲು ಒಂದು ಉಸಿರು ತೆಗೆದುಕೊಳ್ಳಬೇಕು, ಅವರ ಆರೋಪವನ್ನು ನಮ್ಮ ಬಾಯಿಂದ ಮತ್ತೆ ಆಡಬಾರದು, ಕೇಳಿದವರ ಕಣ್ಣನ್ನೇ ನೋಡಬೇಕು. ಆಫೀಸಿನಲ್ಲಿ ಹೇಳಿಕೊಟ್ಟ ಈ ಪಾಠಗಳು ಅವನಿಗೆ ಬೇಗ ಹತ್ತಿದವು. ಕೈ ಮಾತ್ರ ಕೇಳಲಿಲ್ಲ. ಅದು ಏರಿದಾಗಲೆಲ್ಲ ಬೆರಳಿನ ಗೆಣ್ಣಿಗೆ ಒಂದು ಬಿಡುತ್ತಿದ್ದೆ. "ಅಯ್ಯೋ, ಬಿಸಿ ಕಣೇ!" ಎಂದು ಕೂಗುತ್ತಿದ್ದ, ಅಂಗಿಗೆಲ್ಲ ಸೊಪ್ಪು. ಆ ಕಡಗೋಲು ತೊಳೆಯದೆ ಮತ್ತೆ ಪಾತ್ರೆಗೇ ಹೋಗುತ್ತಿತ್ತೆಂದು ಅತ್ತಿಗೆಗೆ ಇವತ್ತಿಗೂ ಹೇಳಿಲ್ಲ. ಮುಗಿದ ಮೇಲೆ ಬೈಕಿನಲ್ಲಿ ಕಮ್ಮನಹಳ್ಳಿಗೆ ಕರೆದೊಯ್ದು ಕಬಾಬ್ ಕೊಡಿಸುತ್ತಿದ್ದ. "ರಿಪೋರ್ಟರ್‌ಗೆ ಲಂಚ" ಅನ್ನುತ್ತಿದ್ದ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಕೈ ಸುಮ್ಮನಾಯಿತು. ಟೀವಿಯಲ್ಲಿ ಅವನು ಕದಲದೆ ನಿಂತು ಮಾತಾಡುವುದನ್ನು ನೋಡಿ, ಬೀದಿಗೆಲ್ಲ ಕೇಳುವಂತೆ ಜಂಬ ಕೊಚ್ಚಿಕೊಂಡೆ.

ಕೆಲವು ವರ್ಷ ಕಳೆದವು. ಅಣ್ಣ ಇಳಿಯತೊಡಗಿದ. ಕಾಲರಿನೊಳಗೆ ಕತ್ತು ಸಡಿಲವಾಯಿತು. ಒಂದು ಭಾನುವಾರ ಕೇಳಿಯೇಬಿಟ್ಟೆ. "ಯಾಕಣ್ಣ ಹಿಂಗಾಗಿದ್ದೀಯ? ಡಾಕ್ಟ್ರು ಏನಂದ್ರು?"

ಒಂದು ಉಸಿರು. ಆಮೇಲೆ ನನ್ನ ಕಣ್ಣನ್ನೇ ನೋಡಿ, "ಗ್ಯಾಸ್ಟ್ರಿಕ್ ಕಣೆ. ಮಾತ್ರೆ ಕೊಟ್ಟಿದ್ದಾರೆ. ಗಾಬರಿ ಪಡೋವಂಥದ್ದು ಏನೂ ಇಲ್ಲ" ಎಂದ.

ನಾನು ಅವನ ಕೈ ನೋಡಿದೆ. ಎರಡೂ ಮೊಣಕಾಲ ಮೇಲೆ ತಣ್ಣಗೆ ಕೂತಿದ್ದವು. ಸದ್ಯ ಎಂದುಕೊಂಡು, ಕೆಳಮನೆಯ ನಲ್ಲಿ ಸೋರುವುದರ ಬಗ್ಗೆ ಮಾತು ತೆಗೆದೆ. ಪ್ಲಂಬರ್ ಬರಲಿಲ್ಲವೆಂದು ಊಟದ ಹೊತ್ತಿನವರೆಗೂ ದೂರಿದೆ. ಅವನು ತಾಳ್ಮೆಯಿಂದ ಕೇಳಿದ.

ಯುಗಾದಿಗೆ ಅಣ್ಣ ಇರಲಿಲ್ಲ. ಕಾಯಿಲೆ ಹೊಟ್ಟೆಯಲ್ಲಿ ಮೊದಲೇ ಬೇರೂರಿತ್ತಂತೆ. ಅತ್ತಿಗೆಗೆ ಗೊತ್ತಿತ್ತು, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದನಂತೆ. ಮೊದಲೇ ತಿಳಿದಿದ್ದರೆ ನಾನು ಅವನನ್ನು ಉಳಿಸಿಕೊಳ್ಳುತ್ತಿದ್ದೆ ಎಂದೇನಲ್ಲ. ಆದರೆ ಆ ಉಳಿದ ತಿಂಗಳುಗಳಲ್ಲಿ ಪಕ್ಕದಲ್ಲಿ ಕೂರುತ್ತಿದ್ದೆ. ನಲ್ಲಿ, ಪ್ಲಂಬರ್ ಬಿಟ್ಟು ಬೇರೆ ಏನಾದರೂ ಮಾತಾಡುತ್ತಿದ್ದೆ. ಅವನೊಳಗಿನ ನಿಜ ನನಗೆ ಕಾಣುತ್ತಿದ್ದದ್ದು ಒಂದೇ ಕಿಂಡಿಯಿಂದ, ಆ ಕಿಂಡಿಯನ್ನು ನಗುನಗುತ್ತಾ ನಾನೇ ಮುಚ್ಚಿದ್ದೆ. ಈ ಸಂಕಟ ಯಾರಿಗೆ ಹೇಳಲಿ? ಹೇಳಿದರೆ ನಗುತ್ತಾರೆ.

ನಿನ್ನೆ ಕಡಗೋಲು ಹಿಡಿದು ಅಮೂಲ್ಯಳನ್ನು ಕೇಳಿದೆ. "ಫೈನಲ್‌ನಲ್ಲಿ ಹೆದರಿಕೆ ಆಯ್ತಾ ಮೇಡಂ?"

"ಒಂಚೂರೂ ಇಲ್ಲ!" ಎಂದಳು, ಬಲಗೈ ಮೆಲ್ಲಗೆ ಮೇಲೇರಿ ಕಿವಿಯ ಹಾಲೆ ಹಿಡಿಯಿತು.

ಹಳೆಯ ಅಭ್ಯಾಸ, ನನ್ನ ಕಡಗೋಲೂ ಮೇಲೆದ್ದಿತು. ಹೊಡೆಯಲಾಗಲಿಲ್ಲ. ಇಳಿಸಿದೆ.

"ಹೆಂಗಿತ್ತು ಅತ್ತೆ? ಕೈ ಗೀ ಎಲ್ಲ ಸರಿ ಇತ್ತಾ?"

"ಸರಿಯಾಗಿತ್ತು ಬಿಡು. ಹಂಗೇ ಮಾತಾಡು" ಎಂದೆ. ನಾಳೆ ಯಾರಾದರೂ ಕಿವಿ ಸೋರುತ್ತದೆಯೇ ಎಂದು ಕೇಳಿದರೆ ಕೇಳಲಿ. ಕಡಗೋಲು ತೊಳೆಯುತ್ತಾ ಸುಮ್ಮನೆ ಕೇಳಿದೆ: "ಮಧ್ಯಾಹ್ನ ಊಟ ಮಾಡಿದ್ಯಾ?"

"ಹ್ಞೂಂ ಅತ್ತೆ, ಕ್ಯಾಂಟೀನಲ್ಲೇ ಆಯ್ತು."

ತಿರುಗಿ ನೋಡಿದೆ. ಕೈ ಮತ್ತೆ ಕಿವಿಗೆ ಹೋಗಿತ್ತು. ನಾನು ಮುದ್ದೆಗೆ ಎಸರಿಟ್ಟೆ.