ನಮ್ಮ ಬಾಗಿಲಿನ ಕೆಂಪು ಸುತ್ತು

ಬೆಳಿಗ್ಗೆ ಆದವಾನಿಯ ನಮ್ಮ ಬೀದಿಗೆ ವಾರ್ಡ್ ಆಫೀಸಿನವನೊಬ್ಬ ಕೆಂಪು ಬಣ್ಣದ ಡಬ್ಬಿ ಹಿಡಿದು ಬಂದ. ಹಸಿ ಕಸ, ಒಣ ಕಸ ಬೇರೆ ಮಾಡದ ಮನೆಗಳಿಗೆ ಗುರುತು ಹಾಕುತ್ತಾನಂತೆ. ಮುಚ್ಚಳ ತೆಗೆದದ್ದೇ ತಡ, ಬಣ್ಣದ ವಾಸನೆ ಮೂಗಿಗೆ ಬಡಿದು ಹಳೇ ಸಿಟ್ಟೆಲ್ಲ ಎದ್ದು ಕೂತಿತು. ಮೆಂಬರಮ್ಮ ನೆನಪಾದಳು...

ಮದ್ದಿಕೇರ ಕಡೆಯ ನಮ್ಮೂರಲ್ಲಿ ಆಕೆ ನಮ್ಮ ಎದುರು ಮನೆಯವಳು, ಪಂಚಾಯಿತಿ ಮೆಂಬರು. ಪಾಯಖಾನೆ ಕಟ್ಟಿಸಿದವರ ಬಾಗಿಲಿಗೆ ಹಸಿರು ಬಣ್ಣದ ಸುತ್ತು ಬಳಿಯುತ್ತಿದ್ದಳು, ಕಟ್ಟಿಸದವರಿಗೆ ಕೆಂಪು. ಮೊದಲ ಹಸಿರನ್ನು ತನ್ನ ಬಾಗಿಲಿಗೇ ಬಳಿದುಕೊಂಡಳು. ನೋಡನೋಡುತ್ತ ಓಣಿಯೆಲ್ಲ ಹಸಿರಾಯಿತು. ನಮ್ಮದೊಂದೇ ಕೆಂಪು. ಮನೆಯಂಗಳದಲ್ಲಿ ಅಂಥದ್ದು ಬೇಡವೇ ಬೇಡ ಎಂದು ಅಪ್ಪನ ಹಟ.

ಹಟ ಅಪ್ಪನದು, ಮಾನ ಹೋದದ್ದು ಅವ್ವನದು. ಮಂಡಿನೋವು ಕಟ್ಟಿಕೊಂಡು ದಿನಾ ಜಾಲಿಗಿಡಗಳ ಮರೆಗೆ ನಡೆಯುತ್ತಿದ್ದವಳೂ ಅವಳೇ. ಸೀಮೆಎಣ್ಣೆ ಹಚ್ಚಿ ಬಾಗಿಲು ತಿಕ್ಕಿದಳು, ಬಣ್ಣ ಹೋಗಲಿಲ್ಲ. ನಲ್ಲಿಯ ಹತ್ತಿರ ಎಲ್ಲರೆದುರು ಮೆಂಬರಮ್ಮ, "ಓಣ್ಯಾಗ ಎಲ್ಲಾರ ಮನ್ಯಾಗ ಐತಿ, ನಿಮ್ಮನ್ಯಾಗಷ್ಟ ಇಲ್ಲ ನೋಡವ್ವ" ಅಂದಳು. ಅವ್ವ ಅರ್ಧ ತುಂಬಿದ ಕೊಡ ಎತ್ತಿಕೊಂಡು ಬಂದಳು. ಎಂಥ ಹೆಂಗಸು! ಆಕೆಯ ನೆರಳು ಕಂಡರೂ ನನ್ನ ಮೈ ಉರಿಯುತ್ತಿತ್ತು.

ಕೊನೆಗೆ ಅಪ್ಪನೇ ಸೋತ. ಹಿತ್ತಲಲ್ಲಿ ಗುಂಡಿ ತೋಡಿಸಿದ, ಸಿಮೆಂಟ್ ರಿಂಗಿಗೆ ಹೇಳಿ ಬಂದ. ಅವ್ವ ದಿನಕ್ಕೆ ನಾಲ್ಕು ಸಲ ಹೋಗಿ ಆ ಗುಂಡಿ ನೋಡುತ್ತಿದ್ದಳು.

ಆ ವಾರವೇ ಜರಡಿ ವಾಪಸ್ಸು ಕೊಡಲು ಮೆಂಬರಮ್ಮನ ಹಿತ್ತಲಿಗೆ ಹೋದೆ. ಪಾಯಖಾನೆಯ ಬಾಗಿಲು ತೆರೆದಿತ್ತು. ಒಳಗೆ ಸೂರಿನವರೆಗೆ ಒಲೆಗೆಂದು ಒಟ್ಟಿದ ಹತ್ತಿಕಟ್ಟಿಗೆ!

ಗ್ರಾಮಸಭೆಯಲ್ಲಿ ಆಕೆ, "ನಮ್ಮ ಓಣಿ ಪೂರಾ ಹಸಿರಾದಂಗನ" ಎಂದು ಬೀಗಿದಾಗ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿದೆ: "ನಿಮ್ಮ ಪಾಯಖಾನ್ಯಾಗ ಹತ್ತಿಕಟ್ಟಿಗಿ ಅದಾವಲ್ಲರಿ ಮೆಂಬರಮ್ಮ!"

ಸಭೆ ಬಿದ್ದೂ ಬಿದ್ದೂ ನಕ್ಕಿತು. "ನಮ್ಮದರಾಗ ಕುಳ್ಳು ಅದಾವ" ಎಂದು ಹಿಂದಿನಿಂದ ಯಾರೋ ಒಪ್ಪಿಕೊಂಡರು. ಇನ್ನೊಬ್ಬರು, ಮತ್ತೊಬ್ಬರು... ಗೆದ್ದೆ ಅಂತ ಎದೆಯುಬ್ಬಿಸಿ ಮನೆಗೆ ಬಂದೆ.

"ಯಾರೂ ಹೋಗಂಗಿಲ್ಲ ಅಂದಮ್ಯಾಲ ನಮಗ್ಯಾಕ?" ಎಂದ ಅಪ್ಪ. ಮರುದಿನ ರಿಂಗು ಬೇಡವೆಂದು ಹೇಳಿ ಬಂದು ಗುಂಡಿ ಮುಚ್ಚಿಸಿದ. ಅವ್ವ ನನ್ನ ಮುಖ ನೋಡದೆ ತಾಟಿಗೆ ರೊಟ್ಟಿ ಹಾಕಿದಳು.

ಮೆಂಬರಮ್ಮ ಬಾಗಿಲಿಗೆ ಬಂದು ನಿಂತು ಅಂದಳು: "ನಂದು ಸುಳ್ಳ ಇತ್ತವ್ವ. ನಿಮ್ಮವ್ವಂದು ಖರೇ ಆಗ್ತಿತ್ತು."

ಆಕೆಯ ಮುಖದ ಮೇಲೆಯೇ ಬಾಗಿಲು ಹಾಕಿಕೊಂಡೆ.

ಅವ್ವ ಮುಂದೆಯೂ ಜಾಲಿಗಿಡಗಳಿಗೇ ನಡೆದಳು. ಒಂದು ಮುಂಜಾನೆ ಅಲ್ಲೇ ಬಿದ್ದಳು, ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ. ಮೆಂಬರಮ್ಮನೂ ಈಗಿಲ್ಲ. ಆಕೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ನನ್ನನ್ನೂ ಅಷ್ಟೇ.

"ಈ ಬೀದ್ಯಾಗ ಎಲ್ಲಾರೂ ಕಸ ಬ್ಯಾರೆ ಮಾಡ್ತಾರಂತಲ್ರಿ ಮೇಡಂ?" ಅಂದ ಡಬ್ಬಿಯವನು. ಬಲಗಡೆಯ ಎರಡು ಮನೆಯವರು ಎಲ್ಲ ಒಟ್ಟಿಗೆ ತಂದು ಮೂಲೆಗೆ ಸುರಿಯುವುದನ್ನು ದಿನಾ ನೋಡುತ್ತೇನೆ. ಅದು ನಾಲಿಗೆಯ ತುದಿಗೇ ಬಂದಿತ್ತು; ಅಷ್ಟರಲ್ಲಿ ಅಪ್ಪನ ಆ "ನಮಗ್ಯಾಕ?" ನೆನಪಾಯಿತು.

"ಹೌದಪ್ಪ," ಅಂದೆ, "ಎಲ್ಲಾರೂ ಮಾಡ್ತಾರ."