ಮುಚ್ಚಳದ ಮೇಲೆ ಹೆಸರಿದ್ದ ಡಬ್ಬಿ

ಈ ಆಟದ ಮೊದಲ ನಿಯಮವೇ ನಮ್ಮೂರಿಗೆ ಒಗ್ಗುವಂಥದ್ದಲ್ಲ. ಹುಡುಕುವಾಗ ಯಾರ ಕಣ್ಣಿಗೂ ಬೀಳಬಾರದಂತೆ. ಮೈಸೂರಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ಪಾರ್ಕಿನ ಕಲ್ಲುಬೆಂಚಿನ ಅಡಿಗೆ ಕೈಹಾಕಿ ತಡಕಾಡುತ್ತಿದ್ದರೆ ಯಾರಾದರೂ ಸುಮ್ಮನೆ ಹೋಗುತ್ತಾರೆಯೇ? ನಾನಾಗಿದ್ದರೂ ಹೋಗುತ್ತಿರಲಿಲ್ಲ. ನಿಂತು, ಏನು ಎತ್ತ ಎಂದು ವಿಚಾರಿಸಿಯೇ ಮುಂದಿನ ಹೆಜ್ಜೆ ಇಡುತ್ತಿದ್ದೆ.

ಆಟದ ಹೆಸರು ಜಿಯೋಕ್ಯಾಶಿಂಗ್. ರಜೆಗೆ ಬಂದಿದ್ದ ತಂಗಿಯ ಮಗಳು ಹೇಳಿಕೊಟ್ಟಳು. ಗುರುತು ಪರಿಚಯವಿಲ್ಲದ ಯಾರೋ ಊರಿನ ಯಾವುದೋ ಮೂಲೆಯಲ್ಲಿ ಸಣ್ಣ ಡಬ್ಬಿಯೊಂದನ್ನು ಬಚ್ಚಿಟ್ಟಿರುತ್ತಾರೆ. ಅದು ಎಲ್ಲಿದೆ ಎಂಬುದನ್ನು ಫೋನಿನ ಮ್ಯಾಪು ಹೆಚ್ಚುಕಮ್ಮಿ ತೋರಿಸುತ್ತದೆ. ಹುಡುಕಿ ತೆಗೆದು, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಬರಬೇಕು. ಒಳಗೆ ಗೋಲಿಯೋ ಗುಂಡಿಯೋ ಇದ್ದರೆ ತೆಗೆದುಕೊಳ್ಳಬಹುದು, ಬದಲಿಗೆ ನಾವೂ ಏನಾದರೂ ಹಾಕಬೇಕು.

"ಇದ್ರಿಂದ ಏನ್ ಸಿಗುತ್ತೆ?" ಎಂದೆ.

"ಏನೂ ಸಿಗಲ್ಲ ದೊಡ್ಡಮ್ಮ. ನಾಲ್ಕು ಹೆಜ್ಜೆ ಓಡಾಡ್ತೀರ, ಅಷ್ಟೆ."

ಆ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ತಲೆ ಓಡತೊಡಗಿತು. ಓಡಾಡಬೇಕಾಗಿದ್ದವರು ನನ್ನ ಗಂಡ.

ಅವರು ಮನೆಯಲ್ಲೇ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳುವವರು. ಸಕ್ಕರೆ ಕಾಯಿಲೆಯಿದೆ. ಹಿಂದಿನ ವರ್ಷ ಒಂದು ಭಾನುವಾರ ಮಾತ್ರೆ ನುಂಗಿ, ಪ್ರಸಾದ ಸ್ವೀಕರಿಸುವ ತನಕ ಏನೂ ತಿನ್ನುವುದಿಲ್ಲ ಎಂದು ಹಟ ಹಿಡಿದು, ಬರಿಹೊಟ್ಟೆಯಲ್ಲಿ ಚರ್ಚಿಗೆ ಹೋದರು. ನನಗೆ ಆ ದಿನ ಜ್ವರ, ಜೊತೆಯಲ್ಲಿ ಹೋಗಿರಲಿಲ್ಲ. ವಾಪಸು ಬರುವಾಗ ನಮ್ಮ ಸಿದ್ಧಾರ್ಥನಗರದ ಮನೆಯ ಬೀದಿ ತಿರುಗುವ ಮೂಲೆಯಲ್ಲೇ ತಲೆ ಸುತ್ತಿ ಬಿದ್ದುಬಿಟ್ಟರು. ಜನ ಸೇರಿದರು. ನಾಲಿಗೆ ತೊದಲುತ್ತಿತ್ತು, ಕಾಲು ನಿಲ್ಲುತ್ತಿರಲಿಲ್ಲ. "ಬೆಳಬೆಳಗ್ಗೇನೇ ಹಾಕ್ಬುಟ್ಟವ್ನೆ ನೋಡು" ಎಂದು ಯಾರೋ ಅಂದರಂತೆ. ಇನ್ಯಾರೋ ನಕ್ಕರಂತೆ. ಜೀವಮಾನದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಕೊನೆಗೆ ಯಾರೋ ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದರು. ದೇಹಕ್ಕೆ ಒಂದು ವಾರದಲ್ಲಿ ಚೇತರಿಕೆಯಾಯಿತು, ಮನಸ್ಸಿಗೆ ಆಗಲಿಲ್ಲ. ಆ ಮೂಲೆಯ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಆಮೇಲೆ ಬೀದಿಗಿಳಿಯುವುದನ್ನೂ ಬಿಟ್ಟರು. ಚರ್ಚಿನ ಪೂಜೆ ಟೀವಿಯಲ್ಲಿ. ಡಾಕ್ಟರು ನಡೀರಿ ನಡೀರಿ ಎಂದು ಬಾಯಿ ಬಡಿದುಕೊಂಡರೆ, ಇವರು ವರಾಂಡದಲ್ಲಿ ಅತ್ತಿಂದಿತ್ತ ನಾಲ್ಕು ಸುತ್ತು ಹಾಕಿ ಮುಗಿಸುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಭಯವಾಗುತ್ತಿತ್ತು. ಈ ಮನುಷ್ಯ ಹೀಗೇ ಒಳಗೊಳಗೇ ಮುಗಿದುಹೋಗುತ್ತಾರೆ ಅನ್ನಿಸುತ್ತಿತ್ತು.

"ಮ್ಯಾಪ್ ನೋಡೋಕೆ ನಂಗೆ ಬರಲ್ಲ, ನೀವು ಬರ್ಲೇಬೇಕು" ಎಂದು ಗೋಗರೆದು ಮೊದಲ ಸಲ ಹಿನಕಲ್ ಕಡೆಯ ಪಾರ್ಕಿಗೆ ಹೊರಡಿಸಿದೆ. ಅಲ್ಲಿ ನಮ್ಮ ಗುರುತಿನವರು ಯಾರೂ ಇಲ್ಲ ಎಂದು ಆಣೆ ಮಾಡಿದ ಮೇಲೆ ಆಟೋ ಹತ್ತಿದರು. ಪಾರ್ಕಿನ ಗೇಟಿನ ಪಕ್ಕದ ಬೆಂಚಿನಲ್ಲಿ ಕೂತು ಏಳಲೊಲ್ಲರು. ಸರಿ, ನಾನೇ ಸೊಂಟ ಬಗ್ಗಿಸಿದೆ.

"ಏನಮ್ಮಾ ಕಳ್ಕೊಂಡ್ರಿ?" ವಾಕಿಂಗಿಗೆ ಬಂದ ಹಿರಿಯರೊಬ್ಬರು ಕೇಳಿದರು.

ಹೆಂಗಸಿನ ಬಾಯಿಗೆ ಆ ಹೊತ್ತಿನಲ್ಲಿ ಬರುವ ಸುಳ್ಳು ಒಂದೇ. "ಓಲೆ ತಿರುಪು" ಎಂದೆ.

ಅಷ್ಟೇ ಸಾಕಾಯಿತು. ಅವರ ಮಡದಿ ಬಂದರು, ಸೊಪ್ಪಿನ ಚೀಲ ಹಿಡಿದಿದ್ದ ಇನ್ನಿಬ್ಬರು ಬಂದರು, ಪಾರ್ಕಿನ ಮಾಲಿ ಪೊರಕೆಯ ಸಮೇತ ಬಂದ. "ಚಿನ್ನದ್ದಾ? ಯಾವಾಗ ಬಿತ್ತು? ಅಲ್ಲಾಡ್ಬೇಡಿ, ತುಳಿದ್ಬುಟ್ಟೀರ!" ಎಲ್ಲರೂ ಹುಲ್ಲಿನಲ್ಲಿ ಕಣ್ಣು ನೆಟ್ಟು ಕವಾಯತು ಮಾಡಿದಂತೆ ಸಾಲಾಗಿ ನಡೆದರು. ನನ್ನ ಎರಡೂ ಕಿವಿಯಲ್ಲಿ ಓಲೆ ಭದ್ರವಾಗಿದ್ದವು. ಸೆರಗು ತಲೆ ಮೇಲೆ ಹೊದ್ದುಕೊಂಡು, ನೆತ್ತಿ ಸುಡುತ್ತಿದೆ ಎಂದು ಇನ್ನೊಂದು ಸುಳ್ಳು ಹೇಳಿದೆ.

ಎಲ್ಲರೂ ನನ್ನ ತಿರುಪಿನ ಹಿಂದೆ ಬಿದ್ದಿದ್ದಾಗ ಗೇಟಿನ ಹತ್ತಿರ ಕೂತಿದ್ದ ಗಂಡಸನ್ನು ನೋಡುವವರು ಯಾರೂ ಇರಲಿಲ್ಲ. ಅವರು ಮೆಲ್ಲಗೆ ಎದ್ದು ಫೋನು ನೋಡಿದರು. ಹತ್ತಿರದ ಕಬ್ಬಿಣದ ಕಂಬದ ಬುಡಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತರು. ಆಮೇಲೆ ನನ್ನ ಕಡೆ ತಿರುಗಿ, ಅಂಗೈಯಲ್ಲಿದ್ದ ಹೆಬ್ಬೆರಳಿನಷ್ಟು ಡಬ್ಬಿಯನ್ನು ತೋರಿಸಿದರು. ಅಯಸ್ಕಾಂತದಿಂದ ಕಂಬಕ್ಕೆ ಅಂಟಿಸಿದ್ದರಂತೆ. ಆ ಮುಖದಲ್ಲಿ ನಗು ನೋಡಿ ಎಷ್ಟು ತಿಂಗಳಾಗಿತ್ತೋ! ನನಗೆ ತಿರುಪು ಸಿಕ್ಕಿತು ಎಂದು ಕೂಗಿ ಎಲ್ಲರಿಗೂ ಕೈಮುಗಿದೆ. "ನೋಡಿ, ಹುಡುಕಿದ್ರೆ ಸಿಗುತ್ತೆ" ಎಂದು ಹಿರಿಯರು ತಾವೇ ಹುಡುಕಿಕೊಟ್ಟವರ ಹಾಗೆ ಹೆಮ್ಮೆಪಟ್ಟರು.

ಅಲ್ಲಿಂದ ಶುರುವಾಯಿತು. ಬನ್ನಿಮಂಟಪದ ಕಡೆ ಒಂದು ಸಿಕ್ಕಿತು, ಕೆರೆಯ ದಂಡೆಯಲ್ಲಿ ಒಂದಕ್ಕೆ ಇರುವೆ ಕಚ್ಚಿಸಿಕೊಂಡು ಬರಿಗೈಲಿ ಬಂದೆವು. ಆದರೆ ಎಲ್ಲವೂ ದೂರದೂರ. ಆಟೋ ನಮ್ಮ ಮನೆ ಗೇಟಿಗೇ ಬರಬೇಕು, ಅದೂ ಹಿಂದಿನ ರಸ್ತೆಯಿಂದ. ನಮ್ಮ ಮೂಲೆಯ ಹೆಸರೆತ್ತಿದರೆ ಮುಖ ಕಲ್ಲಾಗುತ್ತಿತ್ತು.

ಆಗ ನನಗೆ ಇನ್ನೊಂದು ಯೋಚನೆ ಬಂತು. ಬಚ್ಚಿಟ್ಟವರೇ ಡಬ್ಬಿಯನ್ನು ಆಗಾಗ ಹೋಗಿ ನೋಡಿಕೊಳ್ಳಬೇಕು ಎಂಬ ನಿಯಮವೂ ಇದೆ. ನಾವೇ ಒಂದನ್ನು ಇಡೋಣ, ಅವರ ಹೆಸರಿನಲ್ಲಿ, ಅದೇ ಮೂಲೆಯಲ್ಲಿ! ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು ಎಂದು ತಂಗಿಯ ಮಗಳು ಹೇಳಿದ್ದಳು. ನನಗೆ ಪ್ಲಾಸ್ಟಿಕ್ಕು ಕಂಡರಾಗದು. ಅಟ್ಟದಿಂದ ಸಣ್ಣ ಸ್ಟೀಲ್ ಡಬ್ಬಿಯೊಂದನ್ನು ಇಳಿಸಿ, ಚೀಟಿ, ಪೆನ್ಸಿಲ್ಲು, ನಾಲ್ಕು ಗೋಲಿ ಹಾಕಿದೆ. ಆ ಮೂಲೆಯ ಹಳೇ ಕಾಂಪೌಂಡಿನಲ್ಲಿ ಇಟ್ಟಿಗೆ ಕಿತ್ತುಹೋದ ಒಂದು ಗೂಡಿತ್ತು. ಮಟಮಟ ಮಧ್ಯಾಹ್ನ, ಬೀದಿ ನಿದ್ದೆ ಮಾಡುವ ಹೊತ್ತಿನಲ್ಲಿ ಹೋಗಿ ಅದರೊಳಗೆ ತುರುಕಿ ಬಂದೆ. ಸಂಜೆ ಅವರ ಫೋನಿನಲ್ಲೇ ಡಬ್ಬಿಯ ವಿವರವನ್ನೆಲ್ಲ ತುಂಬಿಸಿ ತೋರಿಸಿದೆ.

ಮ್ಯಾಪು ನೋಡಿದ ಕೂಡಲೇ ಗೊತ್ತಾಯಿತು ಅವರಿಗೆ.

"ಬೇಕೂಂತ್ಲೇ ಅಲ್ಲಿಟ್ಟೆ, ಅಲ್ವೇನೇ?"

"ಹೌದು ಕಣ್ರೀ, ಬೇಕೂಂತ್ಲೇ. ಎಷ್ಟು ದಿನ ಹಿಂಗೆ ಒಳಗೇ ಕೂತಿರ್ತೀರ? ನಂಗೆ ನೋಡಕ್ಕಾಗ್ತಿಲ್ಲ."

"ಅಲ್ಲಿ ಎಲ್ರೂ ನನ್ನ ನೋಡಿದಾರೆ. ಹೆಂಗ್ ಹೋಗ್ಲಿ ಹೇಳು" ಎಂದವರು ಊಟಕ್ಕೂ ಏಳಲಿಲ್ಲ. ಒತ್ತಾಯ ಮಾಡಿ ಕೆಡಿಸಿಬಿಟ್ಟೆನೇನೋ ಅನ್ನಿಸಿತು. ಬೆಳಿಗ್ಗೆ ನಾನೇ ಹೋಗಿ ಡಬ್ಬಿ ತಂದುಬಿಡುವುದು ಎಂದು ತೀರ್ಮಾನಿಸಿದೆ.

ಆ ಕೆಲಸ ಬೀಳಲಿಲ್ಲ. ಬೆಳಿಗ್ಗೆ ಡಬ್ಬಿಯೇ ಗೇಟಿಗೆ ಬಂತು. ಆ ಮೂಲೆಯಲ್ಲಿ ಹೂ ಮಾರುವ ಹೆಂಗಸು ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ವರಾಂಡದಲ್ಲಿ ನನ್ನ ಗಂಡ ಪೇಪರು ಓದುತ್ತಿದ್ದರು, ಒಳಗೆ ಓಡಲು ಸಮಯವೇ ಸಿಗಲಿಲ್ಲ.

"ಅಮ್ಮಾ, ನಿಮ್ಮ ಡಬ್ಬಿ. ನಾನ್ ದಾರದುಂಡೆ ಮಡಗೋ ಗೂಡಲ್ಲಿ ಸಿಕ್ತು. ಯಾವ ಹುಡ್ಗ್ರು ಕದ್ದು ಮಡಗಿದ್ರೋ! ಅಂಗಡಿಯವ್ರ ಕೈಲಿ ಮುಚ್ಚಳದ ಮೇಲಿನ ಹೆಸ್ರು ಓದ್ಸ್ದೆ. ಅಯ್ಯೋ ಇದು ಚರ್ಚಿಗ್ ಓಗೋರ ಮನೇದು, ಕ್ರಿಸ್‌ಮಸ್ಸಿಗೆ ಕೇಕು ಕೊಡ್ತಾರಲ್ಲಾ ಅವ್ರದು ಅಂದ್ರು."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮದುವೆಯಲ್ಲಿ ತವರಿನವರು ಕೊಟ್ಟ ಡಬ್ಬಿ ಅದು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ನಮ್ಮಿಬ್ಬರ ಹೆಸರು ಕೆತ್ತಿಸಿದ್ದರು. ನಮ್ಮಲ್ಲಿ ಹೆಸರು ಕೆತ್ತಿಸದ ಪಾತ್ರೆ ಎಲ್ಲಿದೆ? ಹೆಸರು ಕೆತ್ತಿಸುವುದೇ ತಿರುಗಿ ಬರಲಿ ಎಂದು. ಇಂಥದ್ದನ್ನು ತೆಗೆದುಕೊಂಡು ಹೋಗಿ ಬಚ್ಚಿಟ್ಟ ನನ್ನ ಬುದ್ಧಿಗೆ ಏನೆನ್ನಬೇಕು!

ಮುಚ್ಚಳ ತೆಗೆದೆ. ಚೀಟಿ, ಗೋಲಿಗಳ ಮೇಲೆ ಒಂದು ಮೊಳ ಮಲ್ಲಿಗೆ. "ಬರೀ ಡಬ್ಬಿ ಎಂಗ್ ವಾಪಸ್ ಕೊಡಾದು?" ಎಂದಳು. ಆಮೇಲೆ ಅವಳ ಕಣ್ಣು ವರಾಂಡದ ಕಡೆ ಹೋಯಿತು. ಕೈ ಬಾಯಿಗೆ ಬಂತು.

"ಸಾರ್, ನೀವಾ! ನೀವು ಇದೀರಾ!"

ನನ್ನ ಗಂಡ ಪೇಪರು ಕೆಳಗಿಳಿಸಿದರು.

"ಅವತ್ತು ನಿಮ್ಮ ತಲೆ ನನ್ನ ತೊಡೆ ಮೇಲೇ ಇತ್ತು ಸಾರ್. ಕುಡ್ದವ್ನೆ ಅಂದೋನ್ಗೆ ನಾನೇ ಉಗ್ದೆ, ಬಾಯಿ ವಾಸ್ನೆ ನೋಡೋ ಮೂದೇವಿ ಅಂತ. ನಮ್ಮ ಅಪ್ಪಂಗೂ ಸಕ್ರೆ ಕಾಯ್ಲೆ ಇತ್ತು, ನಂಗೊತ್ತಾಯ್ತದೆ. ಟೀ ಅಂಗ್ಡಿಯಿಂದ ಸಕ್ರೆ ತಂದು ಬಾಯಿಗಾಕಿ ಆಟೋ ಅತ್ತಿಸ್ದೊ. ಆಮೇಲ್ ನೀವು ಆ ದಾರೀಲಿ ಬರ್ಲೇ ಇಲ್ಲ. ಓಗ್ಬುಟ್ರೇನೋ ಅಂದ್ಕೊಂಡು ನಾನೂ ಟೀ ಅಂಗ್ಡಿಯವ್ನೂ ಎಷ್ಟ್ ಸಲ ಮಾತಾಡ್ಕೊಂಡಿದೀವಿ! ಒಂದ್ಸಲ ಬಂದು ಮುಖ ತೋರ್ಸ್‌ಬಾರ್ದಿತ್ತಾ ಸಾರ್?"

ಅವರು ಪೇಪರು ಮಡಿಸಿಟ್ಟು ಎದ್ದು ನಿಂತರು. ಆ ಬೆಳಗಿನದರಲ್ಲಿ ಅವರ ನೆನಪಿಗೆ ಉಳಿದಿದ್ದದ್ದು ಒಂದು ನಗು, ಒಂದು ಮಾತು. ಬಾಯಿಗೆ ಸಕ್ಕರೆ ಹಾಕಿದ ಕೈ ಅವರಿಗೆ ಗೊತ್ತೇ ಇರಲಿಲ್ಲ. ನನಗೂ ಗೊತ್ತಿರಲಿಲ್ಲ. ನಾನು ಅವಳ ಎರಡೂ ಕೈ ಹಿಡಿದುಕೊಂಡೆ. ಕಾಫಿ ಕುಡಿದು, ಗಿರಾಕಿಗಳು ಕಾಯುತ್ತಾರೆ ಎಂದು ಅವಳು ಹೊರಟುಹೋದಳು.

ಸಂಜೆ ನಾನು ಹಿತ್ತಲಿನಲ್ಲಿ ಬಟ್ಟೆ ತೆಗೆದು ಒಳಗೆ ಬಂದರೆ ವರಾಂಡ ಖಾಲಿ. ಟ್ಯೂಷನ್ ಮಕ್ಕಳು ಇನ್ನೂ ಬಂದಿರಲಿಲ್ಲ. ಚಪ್ಪಲಿ ಇಲ್ಲ, ಡಬ್ಬಿಯೂ ಇಲ್ಲ. ಸಂತೋಷಪಡಬೇಕಾದವಳು ಗಾಬರಿಬಿದ್ದೆ. ಮಧ್ಯಾಹ್ನ ಸರಿಯಾಗಿ ಊಟವನ್ನೂ ಮಾಡಿರಲಿಲ್ಲ ಅವರು. ಬಾಗಿಲು ಎಳೆದುಕೊಂಡು ಹೊರಟೆ.

ದೂರದಿಂದಲೇ ಕಂಡಿತು: ಅದೇ ಮೂಲೆಯಲ್ಲಿ ಜನ ಸೇರಿದ್ದರು. ಸುತ್ತುಗಟ್ಟಿ ನಿಂತು ನಡುವೆ ಏನನ್ನೋ ನೋಡುತ್ತಿದ್ದರು. ನಾನೇ ಕಳಿಸಿದೆ, ನಾನೇ ಕಳಿಸಿದೆ ಎಂದುಕೊಂಡು ಓಡಿದೆ. "ಬಿಡಿ, ದಾರಿ ಬಿಡಿ" ಎಂದು ಜನರನ್ನು ತಳ್ಳಿ ಒಳಗೆ ನುಗ್ಗಿದೆ.

ನಡುವೆ ಅವರು ನಿಂತಿದ್ದರು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಫೋನು. ಮಕ್ಕಳಿಗೆ ಲೆಕ್ಕ ಹೇಳಿಕೊಡುವ ದನಿಯಲ್ಲಿ ಆಟವನ್ನು ವಿವರಿಸುತ್ತಿದ್ದರು. ಯಾರಿಗೂ ಹೇಳಬಾರದ ಗುಟ್ಟನ್ನು ಇಡೀ ಮೂಲೆಗೆ ಬಿಚ್ಚಿಡುತ್ತಿದ್ದರು. ಟೀ ಅಂಗಡಿಯವನು ಬಾಯಿ ತೆರೆದುಕೊಂಡು ಕೇಳುತ್ತಿದ್ದ. "ಯಾರಾನಾ ಉಡಿಕ್ಕೊಂಡ್ ಬಂದ್ರೆ ನಾವು ತೋರ್ಸ್‌ಬಾರ್ದು, ಅಲ್ವಾ ಸಾರ್?" ಎಂದು ಹೂವಿನವಳು ಕೇಳುತ್ತಿದ್ದಳು.

ನನ್ನನ್ನು ಕಂಡು, "ನೋಡಿ, ಬಚ್ಚಿಟ್ಟೋಳು ಇವ್ಳೇ" ಎಂದು ಬೆರಳು ತೋರಿಸಿದರು. ಅಷ್ಟೂ ಜನ ನನ್ನ ಕಡೆ ತಿರುಗಿದರು. ನಾನು ನಡುಬೀದಿಯಲ್ಲಿ ನಿಂತು ಅಳುತ್ತಿದ್ದೆ, ಏದುಸಿರು ಬಿಡುತ್ತಿದ್ದೆ.

"ಬನ್ನಿ, ಮನೆಗೆ ಹೋಗೋಣ" ಎಂದೆ.

"ನೀನು ನಡಿ" ಎಂದರು ನನ್ನ ಗಂಡ. "ನಾನ್ ಆಮೇಲೆ ಬರ್ತೀನಿ."