ಬಾಲಗೋಪಾಲನಾದ ಧಾರಾವಾಹಿ ನಾಯಕ

"ನೀವು ಲಾಯರ್ ಅಭಯ ಅಲ್ವಾ?" ಎಂದು ಅಮ್ಮ ಕೇಳಿದಾಗ ಗೆಜ್ಜೆ ಕಟ್ಟುತ್ತಿದ್ದವರು ತಲೆಯೆತ್ತಿ ನಕ್ಕರು. ಪುತ್ತಿಗೆಯಲ್ಲಿ ಯಕ್ಷಗಾನ ಶುರುವಾಗುವ ಮೊದಲು, ಬಣ್ಣ ಹಚ್ಚುವ ಚೌಕಿಗೆ ನಾವು ಸುಮ್ಮನೆ ಇಣುಕಿದ್ದೆವು. ಹೌದು, ಟಿವಿ ಧಾರಾವಾಹಿಯ ಲಾಯರ್ ಅಭಯ ಅವರೇ. ಆ ಧಾರಾವಾಹಿಯ ಹೊತ್ತಿಗೆ ನಮ್ಮೂರಿನಲ್ಲಿ ಫೋನ್ ಎತ್ತುವವರೇ ಇರುತ್ತಿರಲಿಲ್ಲ. ಈಗ ನಲವತ್ತು ದಾಟಿದ ಆ ನಾಯಕ ಕಲಿಯುವ ಮಕ್ಕಳ ನಡುವೆ ಕುಳಿತು ಬಾಲಗೋಪಾಲನ ವೇಷ ಮಾಡಿಕೊಳ್ಳುತ್ತಿದ್ದರು. ಮುಖ್ಯ ಕಥೆಯ ಪ್ರಸಂಗಕ್ಕೆ ಮೊದಲು ಹೊಸಬರು ಕುಣಿಯುವ ವೇಷವದು. ಆಗ ಪ್ರೇಕ್ಷಕರೇ ಬಂದಿರುವುದಿಲ್ಲ.

"ದೊಡ್ಡ ವೇಷವನ್ನೇ ಕೇಳಬಹುದಿತ್ತಲ್ಲ ಮಾರಾಯ್ರೆ," ಎಂದರು ಅಮ್ಮ.

"ಮೇಳದವರು ಕೊಡ್ತೇವೆ ಅಂದ್ರು, ನಾನೇ ಬೇಡ ಅಂದೆ. ಟಿವಿಯಲ್ಲಿ ಮುಖ ಇದ್ದರೆ ಸಾಕಿತ್ತು. ಇಲ್ಲಿ ಕಾಲಿಗೆ ತಾಳ ಬರಬೇಕು. ಬರುವವರೆಗೆ ಇದನ್ನೇ ಮಾಡ್ತೇನೆ."

ಖಾಲಿ ಕುರ್ಚಿಗಳ ಮುಂದೆ ಅವರು ಕುಣಿದರು. ಒಂದೆರಡು ಕಡೆ ಹೆಜ್ಜೆ ತಪ್ಪಿತು, ನಿಲ್ಲಿಸಲಿಲ್ಲ. ಮುಗಿದ ಮೇಲೆ ಅಮ್ಮ ಮತ್ತೆ ಚೌಕಿಗೆ ಹೋಗಿ, "ನಿಮ್ಮ ಸ್ವಂತ ಹೆಸರು ಎಂತ?" ಎಂದು ಕೇಳಿದರು.

ವರ್ಷಗಟ್ಟಲೆ ದಿನಾ ಸಂಜೆ ಟಿವಿಯಲ್ಲಿ ನಮ್ಮ ಮನೆಯ ಚಾವಡಿಗೆ ಬರುತ್ತಿದ್ದ ಆ ಮನುಷ್ಯನ ಹೆಸರನ್ನು ಅಲ್ಲಿಯವರೆಗೆ ನಾವು ಯಾರೂ ಕೇಳಿರಲೇ ಇಲ್ಲ.